ಬೋರ್ಡಿನಲ್ಲಿ 1972, ಬುಕ್ಕಿನಲ್ಲಿ 1974

ಸಭೆಗೆ ತಡವಾಗಿ ಬಂದವನ ತಲೆಗೇ ಕೆಲಸ ಕಟ್ಟುವುದು ನಮ್ಮ ಕ್ಲಬ್ಬಿನ ಹಳೇ ಪದ್ಧತಿ. ಅವತ್ತು ನಾನು ಇಪ್ಪತ್ತು ನಿಮಿಷ ತಡ.

ತುಮಕೂರಿನ ಮಂಡಿಪೇಟೆಯಲ್ಲಿ ಒಂದು ಅಂಗಡಿಯ ಮೇಲೆ ನಮ್ಮ ಕ್ರಿಕೆಟ್ ಕ್ಲಬ್ಬಿನ ರೂಮು ಇದೆ. ಕ್ಲಬ್ಬು ಅಂದ ತಕ್ಷಣ ದೊಡ್ಡದಾಗಿ ಏನೂ ಊಹಿಸಿಕೊಳ್ಳಬೇಡಿ. ಹತ್ತಕ್ಕೆ ಹನ್ನೆರಡರ ರೂಮು, ಆರು ಪ್ಲಾಸ್ಟಿಕ್ ಕುರ್ಚಿ, ಗಾಜಿನ ಬೀರುವಿನ ತುಂಬ ಕಪ್ಪಾದ ಕಪ್ಪುಗಳು. ಬಾಗಿಲ ಮೇಲೆ ತಗಡಿನ ಬೋರ್ಡು. ಅದರಲ್ಲಿ ಕ್ಲಬ್ಬಿನ ಹೆಸರು, ಕೆಳಗೆ ‘ಸ್ಥಾಪನೆ: 1972’.

ಇದು 2023ರ ಕೊನೆಯ ಮಾತು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ತೀರ್ಮಾನ ಮುಗಿದಿತ್ತು. ಸೆಕ್ರೆಟರಿ ಹೇಳಿದ: “ಬೋರ್ಡ್ ನೋಡು ಗುರು. ಐವತ್ತು ವರ್ಷ ತುಂಬಿ ಒಂದು ವರ್ಷ ಆಗೋಯ್ತು. ಕೊರೊನಾ ಗಲಾಟೇಲಿ ಯಾರಿಗೂ ನೆನಪೇ ಆಗಲಿಲ್ಲ. ಈಗಲಾದರೂ ಒಂದು ಸಂಚಿಕೆ ತರೋಣ ಅಂತ. ನೀನು ಲೆಕ್ಕದೋನು, ಕನ್ನಡಾನೂ ನೆಟ್ಟಗೆ ಬರೀತೀಯ. ಕ್ಲಬ್ಬಿನ ಇತಿಹಾಸ ನಿಂದು. ನಾಕು ಪುಟ ಸಾಕು.”

ನಾನು ಕೆಲಸ ಮಾಡುವುದು ಒಬ್ಬ ಆಡಿಟರ್ ಹತ್ತಿರ. ತೊಂಬತ್ತರ ದಶಕದಲ್ಲಿ ಈ ಕ್ಲಬ್ಬಿಗೆ ಒಂಬತ್ತನೇ ನಂಬರಿನಲ್ಲಿ ಬ್ಯಾಟು ಹಿಡಿದವನು, ಆಗಾಗ ಆಫ್‌ಸ್ಪಿನ್ ಹಾಕಿದವನು. ಹೆಚ್ಚಿನ ದಿನ ಫೈನ್ ಲೆಗ್ಗಿನಲ್ಲಿ ನಿಂತವನು. ನಾಲ್ಕು ಪುಟ ತಾನೇ, ಎರಡು ಭಾನುವಾರದ ಕೆಲಸ ಅಂದುಕೊಂಡೆ. ಹನ್ನೊಂದು ತಿಂಗಳು ಹಿಡಿಯಿತು.

ಮೊದಲು ಟ್ರಂಕು ತೆಗೆದೆ. ಕಪ್ಪುಗಳ ಬೀರುವಿನ ಹಿಂದೆ, ಗೋಡೆಗೆ ಒತ್ತಿಕೊಂಡು ಕೂತಿತ್ತು. ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ, ಕೊಂಡಿಯೇ ಮುರಿದೆವು. ಮೇಲೆ ಒಂದು ಜೊತೆ ಪ್ಯಾಡು. ಒಳಗಿನ ಹತ್ತಿಯನ್ನೆಲ್ಲ ಇಲಿ ಕಿತ್ತು ಬಾಣಂತನ ಮಾಡಿಕೊಂಡಿತ್ತು. ಒಂದೇ ಒಂದು ಗಾರ್ಡು, ಪ್ಯಾಂಟಿನೊಳಗೆ ಹಾಕಿಕೊಳ್ಳುವಂಥದ್ದು. ಹನ್ನೊಂದು ಜನಕ್ಕೂ ಅದೊಂದೇ. ಔಟಾಗಿ ಬರುವವನು ಒಳಗೆ ಹೋಗುವವನಿಗೆ ಮರದ ಮರೆಯಲ್ಲಿ ಬಿಚ್ಚಿ ಕೊಡುತ್ತಿದ್ದ. ಈಗಿನ ಹುಡುಗರಿಗೆ ಹೇಳಿದರೆ ಮುಖ ಕಿವುಚುತ್ತಾರೆ. ತಳದಲ್ಲಿ ಸ್ಕೋರ್ ಬುಕ್ಕುಗಳು. ಒಟ್ಟು ಇಪ್ಪತ್ತಮೂರು. ಅದರಲ್ಲಿ ನಾಲ್ಕನ್ನು ಗೆದ್ದಲು ಪೂರ್ತಿ ಮುಗಿಸಿತ್ತು. ಕೈಗೆ ತೆಗೆದುಕೊಂಡರೆ ರಟ್ಟು ಉಳಿಯಿತು, ಒಳಗಿನದೆಲ್ಲ ಮಣ್ಣಾಗಿ ಉದುರಿತು. ಉಳಿದ ಹತ್ತೊಂಬತ್ತನ್ನು ಮನೆಗೆ ತಂದು ಟೆರೇಸಿನ ಮೇಲೆ ಬಿಸಿಲಿಗೆ ಹರಡಿದೆ. ಹೆಂಡತಿ ಹಪ್ಪಳ ಹಾಕಬೇಕಿದ್ದ ಜಾಗ. ಅವಳು ಏನಂದಳು ಅನ್ನುವುದು ಬೇಡ.

ನನ್ನ ಅಭ್ಯಾಸವೇ ಹಾಗೆ, ಲೆಕ್ಕದ ಪುಸ್ತಕ ಕಂಡರೆ ಮೊದಲು ಕೂಡಿ ನೋಡುತ್ತೇನೆ. ಸ್ಕೋರ್ ಬುಕ್ಕೂ ಒಂಥರಾ ಲೆಡ್ಜರೇ. ಎಡಗಡೆ ಬ್ಯಾಟ್ಸ್‌ಮನ್‌ಗಳ ರನ್ನು, ಕೆಳಗೆ ಎಕ್ಸ್‌ಟ್ರಾ, ಅಂದರೆ ಬ್ಯಾಟಿನಿಂದ ಬಾರದ ರನ್ನು: ಬೈ, ಲೆಗ್ ಬೈ, ವೈಡು, ನೋಬಾಲು. ಎಲ್ಲ ಕೂಡಿದರೆ ಟೋಟಲ್ಲು. ಇನ್ನೊಂದು ಕಡೆ ಬೌಲರ್‌ಗಳ ಲೆಕ್ಕ. ಅವರು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಸೇರಿಸಿದರೆ ಅದೇ ಟೋಟಲ್ಲು ಬರಬೇಕು. ಎರಡೂ ಕಡೆ ಸರಿಹೋದರೆ ಪುಟ ಕ್ಲೀನು. ನಾನು ಮೊದಲ ಬುಕ್ಕಿನ ಆರು ಮ್ಯಾಚು ಕೂಡಿ ನೋಡಿದೆ. ಆರರಲ್ಲಿ ಒಂದೂ ಸರಿಬರಲಿಲ್ಲ. ಬ್ಯಾಟಿಂಗ್ ಕಡೆ ಸರಿ ಇದೆ, ಬೌಲಿಂಗ್ ಕಡೆ ಎಂಟು, ಹತ್ತು, ಹನ್ನೆರಡು ರನ್ನು ಕಮ್ಮಿ. ಇವರೇನು ಸ್ಕೋರು ಬರೆದರೋ ಜೂಟಾಟ ಆಡಿದರೋ ಅನ್ನಿಸಿತು. ಇಂಥ ಬುಕ್ಕನ್ನು ನಂಬಿ ಇತಿಹಾಸ ಬರೆಯೋದು ಹೇಗೆ?

ಆ ಬುಕ್ಕು ಬರೆದವರು ಇನ್ನೂ ಇದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ರಿಟೈರಾದವರು, ವಯಸ್ಸು ಎಂಬತ್ತು ದಾಟಿದೆ, ಸೋಮೇಶ್ವರಪುರಂನಲ್ಲಿ ಮನೆ. ಒಂದು ದಿನವೂ ಬ್ಯಾಟು ಹಿಡಿದವರಲ್ಲ. ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಸ್ಕೋರರ್ ಮೇಷ್ಟ್ರು ಅಂತಲೇ ಕರೆಯುವುದು. ಬುಕ್ಕು ಕಂಕುಳಲ್ಲಿ ಇಟ್ಟುಕೊಂಡು ಹೋದೆ.

“ಮೇಷ್ಟ್ರೇ, ಬೌಲಿಂಗ್ ಲೆಕ್ಕ ತಾಳೆ ಆಗ್ತಾ ಇಲ್ಲ.”

ಅವರು ಕನ್ನಡಕ ಏರಿಸಿ ನನ್ನನ್ನೇ ನೋಡಿದರು, ಬುಕ್ಕನ್ನಲ್ಲ. “ಎಷ್ಟು ಕಮ್ಮಿ ಬರ್ತದೆ?”

“ಈ ಮ್ಯಾಚಲ್ಲಿ ಒಂಬತ್ತು.”

“ವೈಡೂ ನೋಬಾಲೂ ಸೇರಿ ಎಷ್ಟಿದೆ ನೋಡಪ್ಪ.”

ಒಂಬತ್ತೇ ಇತ್ತು.

“ಆಗೆಲ್ಲ ವೈಡು, ನೋಬಾಲನ್ನ ಬೌಲರ್ ತಲೆಗೆ ಕಟ್ತಿರಲಿಲ್ಲ ಕಣಯ್ಯ. ಎಕ್ಸ್‌ಟ್ರಾಗೆ ಮಾತ್ರ. ಟೆಸ್ಟ್ ಮ್ಯಾಚಲ್ಲೂ ಹಂಗೇ. ಎಂಬತ್ತರ ದಶಕದಲ್ಲಿ ಬದಲಾಯ್ತು. ನೀನು ಈಗಿನ ಕಾನೂನಲ್ಲಿ ಆಗಿನ ಪುಸ್ತಕ ಆಡಿಟ್ ಮಾಡೋಕೆ ಬಂದಿದೀಯ.”

ಮನೆಗೆ ಬಂದು ಮತ್ತೆ ಕೂಡಿದೆ. ಆರಕ್ಕೆ ಆರೂ ತಾಳೆ ಆಯಿತು. ಅಲ್ಲಿಂದ ಮುಂದೆ ಮೂರು ತಿಂಗಳು ಪ್ರತಿ ಭಾನುವಾರ ಮಧ್ಯಾಹ್ನ ಮೇಷ್ಟ್ರ ಮನೆ. ಅವರ ಬರವಣಿಗೆ ನೋಡಬೇಕು ನೀವು. ಸೀಸದ ಕಡ್ಡಿ ಅಷ್ಟೇ, ಪೆನ್ನು ಮುಟ್ಟುತ್ತಿರಲಿಲ್ಲ. ಮಳೆಹನಿ ಬಿದ್ದರೆ ಶಾಯಿ ಹರಡುತ್ತೆ ಅಂತ. ಮೇಡನ್, ಅಂದರೆ ರನ್ನೇ ಕೊಡದ ಓವರಿನ ಆರು ಚುಕ್ಕೆಗಳನ್ನು ಸೇರಿಸಿ ಇಂಗ್ಲಿಷಿನ ‘ಎಂ’ ಮಾಡುತ್ತಿದ್ದರು, ಅದರಲ್ಲಿ ವಿಕೆಟ್ ಬಿದ್ದಿದ್ದರೆ ಅದನ್ನೇ ‘ಡಬ್ಲ್ಯು’ ಮಾಡುತ್ತಿದ್ದರು. ಪುಟದ ಅಂಚಿನಲ್ಲಿ ಸಣ್ಣ ಸಣ್ಣ ಟಿಪ್ಪಣಿ: ‘ದನ ನುಗ್ಗಿ ಆಟ 10 ನಿಮಿಷ ನಿಂತಿತು’, ‘ಬಾಲ್ ಕೆರೆ ಕಡೆ, ಸಿಗಲಿಲ್ಲ’, ‘ಅಂಪೈರ್‌ಗೆ ಕೆಮ್ಮು’. ಒಂದು ಪುಟದಲ್ಲಿ ಬರೀ ಒಂದು ಸಾಲು: ‘ಮಳೆ. ಬೋಂಡ.’

ಒಂದು ಭಾನುವಾರ ಅವರೇ ಮಾತು ತೆಗೆದರು. ಕಪಿಲ್ ದೇವ್ 1983ರ ಜೂನ್ 18ರಂದು ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಹೊಡೆದ 175 ಗೊತ್ತಲ್ವಾ ಅಂದರು. 17ಕ್ಕೆ ಐದು ವಿಕೆಟ್ ಹೋಗಿದ್ದಾಗ ನಿಂತು ಆಡಿದ್ದು. ನಮ್ಮ ಕಿರ್ಮಾನಿ ಜೊತೆ ಒಂಬತ್ತನೇ ವಿಕೆಟಿಗೆ ಮುರಿಯದ 126. ಅವತ್ತು ಬಿಬಿಸಿಯವರ ಕ್ಯಾಮೆರಾ ಅಲ್ಲಿ ಇರಲಿಲ್ಲ. “ಯಾರತ್ರಾನೂ ವಿಡಿಯೋ ಇಲ್ಲ. ಆದ್ರೂ ಹದಿನಾರು ಫೋರು, ಆರು ಸಿಕ್ಸರು ಅಂತ ಹಳ್ಳಿ ಹುಡುಗನೂ ಹೇಳ್ತಾನೆ. ಹೆಂಗೆ ಗೊತ್ತಾಯ್ತು? ಯಾರೋ ನನ್ನಂಥೋನು ಮರದ ಕೆಳಗೆ ಕೂತ್ಕಂಡು ಗೀಚಿದ್ದಕ್ಕೆ.” ಅವರ ಮುಖದಲ್ಲಿ ಹೆಮ್ಮೆ ಇತ್ತು. ನನಗೂ ಅವತ್ತಿನಿಂದ ಒಂದು ಧೈರ್ಯ ಬಂತು. ಜನ ಏನು ಬೇಕಾದರೂ ಹೇಳಲಿ, ಬುಕ್ಕಿನಲ್ಲಿ ಇದ್ದದ್ದೇ ಬರೆಯೋದು.

ಜನ ಏನೇನೋ ಹೇಳಿದರು ಕೂಡ. ಹಳೇ ಆಟಗಾರರು ಹದಿನಾಲ್ಕು ಜನರನ್ನು ಮಾತಾಡಿಸಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕ್ಯಾಚು ಬಿಟ್ಟವರ ಹೆಸರು ಎಲ್ಲರಿಗೂ ನೆನಪಿದೆ, ತಾವು ಬಿಟ್ಟದ್ದು ಬಿಟ್ಟು. ಒಬ್ಬರು ಮಾಜಿ ಫಾಸ್ಟ್ ಬೌಲರು, ಸ್ಲಿಪ್ಪಿನಲ್ಲಿ ತಮ್ಮ ಬೌಲಿಂಗಿಗೆ ಕ್ಯಾಚು ಬಿಟ್ಟವರ ಮಗಳನ್ನೇ ಸೊಸೆ ಮಾಡಿಕೊಂಡಿದ್ದಾರೆ. ಮೊಮ್ಮಕ್ಕಳೂ ಆಗಿವೆ. ಆದರೂ “ನಮ್ಮ ಬೀಗರು ಅವತ್ತು ಅದನ್ನ ಹಿಡಿದಿದ್ರೆ ಮ್ಯಾಚ್ ನಮ್ದೇ ಆಗಿತ್ತು” ಅಂತ ಈಗಲೂ ಹಲ್ಲು ಕಡಿಯುತ್ತಾರೆ.

ಮ್ಯಾಟಿನ ಬಗ್ಗೆ ಮಾತ್ರ ಎಲ್ಲರೂ ಒಂದೇ ಮಾತು ಹೇಳಿದರು, ಅದನ್ನು ಹೇಳುವಾಗ ಎಲ್ಲರ ಕೈಯೂ ಬೆನ್ನಿಗೆ ಹೋಯಿತು. ಈಗಿನವರಿಗೆ ಟರ್ಫ್ ಗೊತ್ತು, ಸಿಂಥೆಟಿಕ್ ಗೊತ್ತು. ಆಗ ಇದ್ದದ್ದು ತೆಂಗಿನ ನಾರಿನ ಮ್ಯಾಟು. ತಿಪಟೂರು, ಗುಬ್ಬಿ ಕಡೆ ತೆಂಗು ಬೆಳೆಯುವ ಜಿಲ್ಲೆ ನಮ್ಮದು, ನಾರಿಗೆ ಬರವಿಲ್ಲ. ಹಗ್ಗ ಬೇಕಾದಷ್ಟು ಸಿಗುತ್ತಿತ್ತು. ಪಿಚ್ಚು 22 ಗಜ, ಅಂದರೆ 66 ಅಡಿ. ಅಷ್ಟುದ್ದ, ಎಂಟಡಿ ಅಗಲ ಒಂದೇ ಸಮನೆ ನೇಯ್ದ ಮ್ಯಾಟು ಮಾತ್ರ ಕೇರಳದಿಂದ ಬರಬೇಕಿತ್ತು. ಮಂಡಿಪೇಟೆಯ ವರ್ತಕರೊಬ್ಬರು ಕೊಬ್ಬರಿ ಲಾರಿಯವರಿಗೆ ಹೇಳಿ ಆಲಪ್ಪುಳದಿಂದ ತರಿಸಿಕೊಟ್ಟರಂತೆ. ರಶೀದಿ ಟ್ರಂಕಿನಲ್ಲೇ ಸಿಕ್ಕಿತು, ದುಡ್ಡಿನ ಅಂಕಿಯ ಜಾಗವನ್ನೇ ಗೆದ್ದಲು ತಿಂದಿದೆ.

ಭಾನುವಾರ ಬೆಳಗ್ಗೆ ಆರಕ್ಕೆ ಆ ಸುರುಳಿಯನ್ನು ಆರು ಜನ ಹೆಗಲ ಮೇಲೆ ಹೊತ್ತು ಜೂನಿಯರ್ ಕಾಲೇಜು ಮೈದಾನಕ್ಕೆ ತರಬೇಕು. ಹೆಣ ಹೊತ್ತ ಹಾಗೆ ಕಾಣುತ್ತಿತ್ತಂತೆ. ಎದುರು ಬಂದವರು ಒಮ್ಮೊಮ್ಮೆ ಕೈ ಮುಗಿಯುತ್ತಿದ್ದರಂತೆ. ಮೈದಾನದಲ್ಲಿ ಕಲ್ಲು ಆರಿಸಿ, ನೀರು ಚಿಮುಕಿಸಿ, ಮ್ಯಾಟು ಹಾಸಿ, ಎರಡೂ ತುದಿಯಿಂದ ಎಳೆಯಬೇಕು. ಎಳೆದಷ್ಟೂ ಸಾಲದು. ಸಡಿಲ ಬಿಟ್ಟರೆ ಬಾಲು ಸತ್ತ ಹಾಗೆ ಬರುತ್ತೆ. ಬಿಗಿ ಆದರೆ ಎಗರಿ ಎದೆಗೆ ಬರುತ್ತೆ. ಅದಕ್ಕೇ ತಮ್ಮ ಕಡೆ ಬೌಲಿಂಗ್ ಇದ್ದಾಗ ಒಂಥರಾ ಎಳೆಯೋದು, ಬ್ಯಾಟಿಂಗ್ ಇದ್ದಾಗ ಇನ್ನೊಂಥರಾ ಎಳೆಯೋದು. ಇದು ಆ ಕಾಲದ ಪಿಚ್ ಫಿಕ್ಸಿಂಗ್. ಅಂಚಿಗೆ ಹೊಡೆಯುವ ಮೊಳೆಗಳನ್ನು ಲಾರಿಯ ಹಳೇ ಪಟ್ಟಾದಿಂದ ಕಮ್ಮಾರನ ಹತ್ತಿರ ಮಾಡಿಸುತ್ತಿದ್ದರು. ಸಂಜೆ ಎಣಿಸಿ ಚೀಲಕ್ಕೆ ಹಾಕಬೇಕು. ಒಂದು ಮೊಳೆ ಕಮ್ಮಿ ಬಂದರೂ ಕ್ಯಾಪ್ಟನ್ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ. ಮಾರನೇ ದಿನ ಯಾರಾದರೂ ಹುಡುಗನ ಕಾಲಿಗೆ ಚುಚ್ಚಿದರೆ ಅಂತ.

ಆ ಮೈದಾನದಲ್ಲಿ ಒಂದೇ ಸಲ ಮೂರು ಮ್ಯಾಚು ನಡೆಯೋದು. ನಮ್ಮ ಕವರ್‌ನಲ್ಲಿ ನಿಂತವನು ಪಕ್ಕದ ಮ್ಯಾಚಿನ ಮಿಡ್‌ವಿಕೆಟ್ಟು. ಯಾವ ಬಾಲು ಯಾರದು ಅಂತ ಜಗಳ ಆಗುತ್ತಿತ್ತು. ಈ ಭಾಗವನ್ನು ನಾನು ಎರಡು ಪುಟ ಬರೆದೆ. ಸೆಕ್ರೆಟರಿ “ಮ್ಯಾಟಿಗೆ ಎರಡು ಪುಟಾನಾ? ಅಧ್ಯಕ್ಷರ ಫೋಟೋ ಎಲ್ಲಿ ಹಾಕೋದು?” ಅಂದ. ಅಧ್ಯಕ್ಷರ ಫೋಟೋ ಸಣ್ಣದಾಯಿತು.

ಇನ್ನು ಸ್ಥಾಪನೆಯ ವರ್ಷದ ತಕರಾರು. ಮೊದಲ ಸ್ಕೋರ್ ಬುಕ್ಕಿನ ಮೊದಲ ಪುಟದಲ್ಲಿ ಮೇಷ್ಟ್ರ ಕೈಬರಹದಲ್ಲಿ ‘ಮ್ಯಾಚು 1’ ಅಂತಿದೆ, ತಾರೀಕು 1974ರ ಜೂನ್. ಬೋರ್ಡಿನಲ್ಲಿ 1972. ಎರಡು ವರ್ಷ ಬುಕ್ಕಿಲ್ಲದೆ ಆಡಿದ್ದರೋ ಏನೋ ಅಂತ ಹಿರಿಯರನ್ನು ಕೇಳಿದೆ. ಒಬ್ಬೊಬ್ಬರನ್ನು ಬೇರೆ ಬೇರೆಯಾಗಿ ಕೇಳಿದೆ, ಕ್ಲಬ್ಬು ಮಾಡಬೇಕು ಅಂತ ಯಾಕೆ ಅನ್ನಿಸಿತು ಸಾರ್ ಅಂತ. ಐದು ಜನ ಹಿರಿಯರು ಒಂದೇ ಕಥೆ ಹೇಳಿದರು. ರೇಡಿಯೋ ಇದ್ದ ಹೋಟೆಲಿನ ಮುಂದೆ ನಿಂತಿದ್ದೆವು, ಬೆಂಗಳೂರಿನಲ್ಲಿ ರಣಜಿ ಸೆಮಿಫೈನಲ್, ನಮ್ಮ ಪ್ರಸನ್ನ ಬಾಂಬೆಯ ಗವಾಸ್ಕರನನ್ನ ಬೌಲ್ಡ್ ಮಾಡಿದ, ವಾಡೇಕರ್ ಜಾರಿ ರನೌಟ್ ಆದ, ಬಾಂಬೆ ಸೋತಿತು. ಅವತ್ತು ರಾತ್ರಿಯೇ ಕ್ಲಬ್ಬು ಮಾಡೋಣ ಅಂತ ತೀರ್ಮಾನ.

ಆ ಮ್ಯಾಚು ನಡೆದದ್ದು 1973-74ರ ಸೀಸನ್ನಿನಲ್ಲಿ. ಸತತ ಹದಿನೈದು ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು ನಿಲ್ಲಿಸಿದ್ದು ಆಗಲೇ. ಫೈನಲ್ಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ನಮಗೆ ಬಂದದ್ದೂ ಆಗಲೇ. ಒಬ್ಬರಂತೂ “ಕರ್ನಾಟಕ ಗೆಲ್ತು ಅಂತ ಕೂಗಾಡಿದ್ವಿ” ಅಂದರು. ರಾಜ್ಯಕ್ಕೆ ಆ ಹೆಸರು ಬಂದದ್ದೇ 1973ರ ನವೆಂಬರ್ 1ಕ್ಕೆ. ಅದಕ್ಕೆ ಮುಂಚೆ ಕೂಗಿದ್ದರೆ ಮೈಸೂರು ಅಂತ ಕೂಗಬೇಕಿತ್ತು. ಅಂದರೆ 1972 ಸುಳ್ಳು.

ಹಾಗಾದರೆ ಬೋರ್ಡಿಗೆ ಆ ಅಂಕಿ ಹೇಗೆ ಬಂತು? ಅದನ್ನು ಬರೆಸಿದವರು ಕೊನೆಗೆ ಕಾಫಿ ಕುಡಿಯುತ್ತಾ ಒಪ್ಪಿಕೊಂಡರು. ಎಂಬತ್ತರ ದಶಕದಲ್ಲಿ ಊರಿನ ಇನ್ನೊಂದು ಕ್ಲಬ್ಬಿನವರು ‘ಸ್ಥಾಪನೆ: 1973’ ಅಂತ ಬೋರ್ಡು ಹಾಕಿದರಂತೆ. “ಅವರಿಗಿಂತ ನಾವು ಚಿಕ್ಕೋರು ಅನ್ನಿಸ್ಕೊಳೋದಾ? ಪೈಂಟರ್‌ಗೆ ಎಪ್ಪತ್ತೆರಡು ಹಾಕು ಅಂದೆ.”

ದಾಖಲೆ ಬೇಕಲ್ಲ, ಸಂಘದ ನೋಂದಣಿ ಪ್ರಮಾಣಪತ್ರದ ನಕಲಿಗೆ ಸಂಬಂಧಪಟ್ಟ ಕಚೇರಿಗೂ ಅಲೆದೆ. ಮೊದಲ ಸಲ ಫೈಲು ಇಲ್ಲ ಅಂದರು. ಎರಡನೇ ಸಲ ಫೈಲಿದೆ, ನೋಡಿಕೊಳ್ಳುವವರು ರಜೆ ಅಂದರು. ಮೂರನೇ ಸಲ ಸಿಕ್ಕಿತು. ಅದರಲ್ಲಿರುವುದು 1981! ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಸಹಿ ಹಾಕಬೇಕು. ನಮ್ಮಲ್ಲಿ ಸರಿಯಾಗಿ ಏಳೇ ಸಹಿ. ಆರು ಆಟಗಾರರದ್ದು, ಒಂದು ನಮ್ಮ ಬಿಳಿ ಪ್ಯಾಂಟು ಹೊಲಿದುಕೊಡುತ್ತಿದ್ದ ಟೈಲರದ್ದು. ಆ ದಿನ ಏಳನೆಯವನು ಬರಲಿಲ್ಲವಂತೆ, ಪಕ್ಕದ ಅಂಗಡಿಯಿಂದ ಇವರನ್ನು ಕರೆದು ಸಹಿ ಹಾಕಿಸಿದರಂತೆ. ಪಾಪ, ಅವರಿಗೆ ಕ್ರಿಕೆಟ್ ಅಂದರೆ ಆಗುತ್ತಿರಲಿಲ್ಲ.

ಕಮಿಟಿಗೆ ವಿಷಯ ಇಟ್ಟೆ. ಗಲಾಟೆ ಆಗುತ್ತೆ ಅಂದುಕೊಂಡಿದ್ದೆ. ಸೆಕ್ರೆಟರಿ ಎದ್ದು ನನ್ನ ಬೆನ್ನು ತಟ್ಟಿದ. “1974 ಅಂದ್ರೆ 2024ಕ್ಕೆ ಐವತ್ತು! ನಾವು ಲೇಟೇ ಆಗಿಲ್ಲ ಹಂಗಾದ್ರೆ!” ಸತ್ಯ ಇಷ್ಟು ಅನುಕೂಲಕ್ಕೆ ಬಂದದ್ದು ನೋಡಿ ನನಗೇ ಸ್ವಲ್ಪ ಅನುಮಾನ ಬಂತು. ಇನ್ನೊಂದು ಸಲ ತಾರೀಕುಗಳನ್ನೆಲ್ಲ ಪರೀಕ್ಷೆ ಮಾಡಿದೆ. 1974 ಅಂತ ಅಚ್ಚಾಯಿತು. ಬೋರ್ಡಿನಲ್ಲಿ ಇವತ್ತಿಗೂ 1972 ಇದೆ. ಬಳಿಸೋಕೆ ಪೈಂಟರ್ ಜಾಸ್ತಿ ಕೇಳಿದ.

ಇಷ್ಟೆಲ್ಲ ಆದ ಮೇಲೂ ಮುಖ್ಯವಾದದ್ದು ಬಾಕಿ ಇತ್ತು. ನಮ್ಮ ಕ್ಲಬ್ಬಿನ ಇತಿಹಾಸ ಅಂದರೆ ಯಾರಿಗೆ ಕೇಳಿದರೂ ಒಂದೇ ಮ್ಯಾಚು. 1978ರ ಜನವರಿ, ಸಂಕ್ರಾಂತಿ ಆದ ಮೇಲಿನ ಭಾನುವಾರ, ಜೂನಿಯರ್ ಕಾಲೇಜು ಮೈದಾನದಲ್ಲಿ ಒಂದು ಟೂರ್ನಿಯ ಫೈನಲ್. ಎದುರಾಳಿ ಕೆಜಿಎಫ್ ಕಡೆಯ ಟೀಮು. ಚಿನ್ನದ ಗಣಿಯಲ್ಲಿ ಬ್ರಿಟಿಷ್ ಕಂಪನಿ ಇದ್ದ ಕಾಲದಿಂದ ಅಲ್ಲಿ ಕ್ರಿಕೆಟ್ ಆಡಿಕೊಂಡು ಬಂದವರು. ಮಡಿಕೆ ಮುರಿಯದ ಬಿಳಿ ಬಟ್ಟೆ, ಒಬ್ಬೊಬ್ಬರಿಗೂ ಸ್ವಂತ ಗ್ಲೌಸು. ನಮ್ಮವರಲ್ಲಿ ಇಬ್ಬರು ಖಾಕಿ ಪ್ಯಾಂಟಿನಲ್ಲಿದ್ದರು. ಅವರು 141ಕ್ಕೆ ಆಲೌಟ್. ನಾವು ಎಂಟು ವಿಕೆಟ್ ಕಳೆದುಕೊಂಡು 142 ಹೊಡೆದು ಗೆದ್ದೆವು. ಕೊನೆಯ ಬಾಲಿಗೆ ಸಿಕ್ಸರ್ ಹೊಡೆದು ಗೆಲ್ಲಿಸಿದವರು ನಮ್ಮ ವಿಕೆಟ್ ಕೀಪರ್. ಬೀರುವಿನಲ್ಲಿ ನಡುವೆ ಇರುವ ದೊಡ್ಡ ಕಪ್ಪು ಅದೇ. ನಾನು ಕ್ಲಬ್ಬಿಗೆ ಸೇರಿದ ಮೊದಲ ವಾರವೇ ಈ ಕಥೆ ಕೇಳಿದ್ದೆ, ಬಾಲು ಕಾಂಪೌಂಡ್ ದಾಟಿ ಬಿ.ಎಚ್. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಮೇಲೆ ಬಿತ್ತು ಅನ್ನುವುದೂ ಸೇರಿ.

ಬುಕ್ಕು ತೆಗೆದೆ. ನಮ್ಮ ಇನ್ನಿಂಗ್ಸಿನಲ್ಲಿ ಸಿಕ್ಸರೇ ಇಲ್ಲ. ಇಡೀ ಪುಟ ಹುಡುಕಿದೆ, ಒಂದೂ ಇಲ್ಲ. ಕೀಪರ್ ಸಾರ್ ಹೆಸರಿನ ಮುಂದೆ ಕೊನೆಯ ಅಂಕಿ 2. ಆಗ ಇನ್ನೂ ಒಂದು ಓವರ್ ಬಾಕಿ.

ಕೀಪರ್ ಸಾರ್‌ಗೆ ಈಗ ಎಪ್ಪತ್ತೆರಡು. ಮಂಡಿ ನೋವು, ಕೋಲು ಹಿಡಿದು ಓಡಾಡುತ್ತಾರೆ. ಬುಕ್ಕನ್ನು ಚೀಲದಲ್ಲಿಟ್ಟುಕೊಂಡೇ ಹೋದೆ. ಅವರು ಕುರ್ಚಿಯಿಂದ ಎದ್ದು, ಕೋಲನ್ನೇ ಬ್ಯಾಟು ಮಾಡಿಕೊಂಡು, ಆ ಹೊಡೆತ ಹೇಗಿತ್ತು ಅಂತ ತೋರಿಸಿದರು. ಎಡಗಾಲು ಸರಿಸಿದರು, ತಲೆ ಮೇಲೆತ್ತಿ ಬಾಲು ಹೋದ ದಿಕ್ಕನ್ನು ನೋಡಿದರು. ಅವರ ಕಣ್ಣು ನಿಜವಾಗಿಯೂ ಏನನ್ನೋ ಹಿಂಬಾಲಿಸುತ್ತಿತ್ತು. ಮೊಮ್ಮಗ ಚಪ್ಪಾಳೆ ತಟ್ಟಿದ. ನಾನು ಚೀಲದ ಜಿಪ್ಪು ತೆಗೆಯಲಿಲ್ಲ.

ಗೇಟಿನ ತನಕ ಬಿಡೋಕೆ ಅವರ ಹೆಂಡತಿ ಬಂದರು. ಮೆಲ್ಲಗೆ ಕೇಳಿದರು: “ಪುಸ್ತಕದಲ್ಲಿ ಸಿಕ್ಸು ಅಂತ ಐತೇನಪ್ಪ?”

ನಾನು ಸುಮ್ಮನಿದ್ದೆ.

“ಆಗಿನ್ನೂ ನಮ್ಮ ಮದುವೆ ಆಗಿ ಎರಡು ತಿಂಗಳು. ಅವತ್ತು ಮನೆಗೆ ಬಂದಾಗ ಎರಡು ಮೊಣಕೈಯೂ ತರಚಿ ರಕ್ತ ಬಂದಿತ್ತು. ಅರಿಶಿನ ಹಚ್ಚಿದೋಳು ನಾನು. ಸಿಕ್ಸು ಹೊಡ್ದೋರಿಗೆ ಮೊಣಕೈ ಯಾಕಪ್ಪ ತರಚುತ್ತೆ?” ಅಂದು ನಕ್ಕರು. “ಬರಕೋ ಹೋಗು, ಏನು ಬೇಕೋ ಅದು. ಅವರಿಗೆ ಕಣ್ಣು ಕಾಣ್ಸಲ್ಲ, ಓದಲ್ಲ.”

ಅಂದರೆ ಎರಡನೇ ರನ್ನಿಗೆ ಅವರು ಡೈವ್ ಹೊಡೆದಿದ್ದಾರೆ. ಮ್ಯಾಟಿನ ಆಚೆ, ಜಲ್ಲಿಯಂಥ ನೆಲದ ಮೇಲೆ. ನನ್ನನ್ನು ಕೇಳಿದರೆ ಸಿಕ್ಸರಿಗಿಂತ ಅದೇ ದೊಡ್ಡದು. ಆದರೆ ಅವರು ಹತ್ತಿರ ಹತ್ತಿರ ಐವತ್ತು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿರುವುದು ಇನ್ನೊಂದು, ನಾನೇನು ಮಾಡಲಿ?

ಮನೆಗೆ ಬಂದು ಆ ಸ್ಕೋರ್ ಕಾರ್ಡನ್ನೇ ಸಂಚಿಕೆಯ ಒಂದು ಇಡೀ ಪುಟಕ್ಕೆ ಹಾಕೋಣ ಅಂತ ಟೈಪ್ ಮಾಡತೊಡಗಿದೆ. ಅಭ್ಯಾಸಬಲ, ಕೂಡಿದೆ. ಬ್ಯಾಟ್ಸ್‌ಮನ್‌ಗಳು 119. ಬೈ 9, ಲೆಗ್ ಬೈ 4, ವೈಡು 6, ನೋಬಾಲು 3. ಎಕ್ಸ್‌ಟ್ರಾ 22. ಒಟ್ಟು 141.

ತಪ್ಪಿರಬೇಕು ಅಂತ ಮತ್ತೆ ಕೂಡಿದೆ. 141. ಬೌಲಿಂಗ್ ಕಡೆಯಿಂದ ಬಂದೆ. ಮೇಷ್ಟ್ರು ಹೇಳಿಕೊಟ್ಟ ಹಾಗೆ ವೈಡು, ನೋಬಾಲು ಬೇರೆಯಾಗಿ ಸೇರಿಸಿದೆ. ಅಲ್ಲೂ 141. ಟೋಟಲ್ ಕಾಲಮ್ಮಿನಲ್ಲಿ ಮಾತ್ರ ದುಂಡಗೆ 142 ಅಂತಿದೆ, ಕೆಳಗೆ ಎರಡು ಗೆರೆ. ಎದುರಾಳಿಗಳ ಇನ್ನಿಂಗ್ಸ್ ಕೂಡಿದೆ. ಅದು ಸರಿಯಾಗಿ 141, ಒಂದು ರನ್ನೂ ಹೆಚ್ಚು ಕಮ್ಮಿ ಇಲ್ಲ.

ಹಳೇ ಸ್ಕೋರ್ ಬುಕ್ಕಿನಲ್ಲಿ ಒಂದರಿಂದ ಅಂಕಿಗಳು ಸಾಲಾಗಿ ಅಚ್ಚಾಗಿರುತ್ತವೆ. ರನ್ನು ಬಂದ ಹಾಗೆ ಒಂದೊಂದೇ ಹೊಡೆದು ಹಾಕುತ್ತಾ ಹೋಗಬೇಕು. ಬಾಲು ಬಾಲು ಲೆಕ್ಕ ಹಿಡಿದು ಆ ಸಾಲಿನ ಜೊತೆ ತಾಳೆ ನೋಡಿದೆ. ರಾತ್ರಿ ಒಂದು ಗಂಟೆಗೆ ಸಿಕ್ಕಿತು. 96 ಇದ್ದಾಗ ಒಬ್ಬರು ಮೂರು ರನ್ನು ಓಡಿದ್ದಾರೆ. 97, 98, 99. ಗೆರೆ ಮಾತ್ರ 100ರವರೆಗೂ ಹೋಗಿದೆ.

ಎಂಟು ವಿಕೆಟ್ ಹೋಗಿ, ಒಂದು ಓವರ್ ಬಾಕಿ ಇರುವಾಗ, ಸ್ಕೋರು ಸಮ. ಆಟ ಮುಗಿದಿರಲಿಲ್ಲ. ಗೆದ್ದೆವು ಅಂತ ಎಲ್ಲರೂ ಒಳಗೆ ನುಗ್ಗಿಬಿಟ್ಟರು.

ಭಾನುವಾರದವರೆಗೆ ಕಾಯಲಾಗಲಿಲ್ಲ. ಬೆಳಗ್ಗೆ ಎದ್ದವನೇ ಮೇಷ್ಟ್ರ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಪುಟ ತೆಗೆದು ಮುಂದಿಟ್ಟೆ. ಏನೂ ಹೇಳಲಿಲ್ಲ.

ಅವರು ಪುಟ ನೋಡಲೂ ಇಲ್ಲ. “ತೊಂಬತ್ತಾರಾ?” ಅಂದರು.

ನಾನು ಹೂಂ ಅಂದೆ.

“ಹುಡುಗರು ನೂರು ನೂರು ಅಂತ ಕೂಗಿಬಿಟ್ರು. ಚಪ್ಪಾಳೆ. ನನ್ನ ಕೈ ಓಡೋಯ್ತು.” ಒಂದು ಕಾಯಿ ಬಿಡಿಸಿದರು. “ಅವರ ಕಡೆ ಸ್ಕೋರರ್ ಇರಲಿಲ್ಲ. ಅವರೋನೊಬ್ಬ ಬಸ್ಸು ತಪ್ಪಿಸ್ಕೊಂಡಿದ್ದ, ಅದಕ್ಕೇ ಸ್ಕೋರರ್‌ನೇ ಹನ್ನೊಂದನೆಯವನಾಗಿ ಇಳಿಸಿದ್ರು. ಎರಡು ಕಡೆಗೂ ನಾನೇ. ಅವತ್ತು ರಾತ್ರಿ ಮನೇಲಿ ಕೂಡಿದಾಗ ಗೊತ್ತಾಯ್ತು. ಕಪ್ಪು ಆಗಲೇ ಮೆರವಣಿಗೆ ಹೋಗಿತ್ತು.”

“ಯಾರಿಗೂ ಹೇಳಲಿಲ್ವಾ ಮೇಷ್ಟ್ರೇ?”

“ರಬ್ಬರ್ ಇತ್ತು. ಒಂದು ಬೈ ಜಾಸ್ತಿ ಮಾಡಿದ್ರೆ ತಾಳೆ ಆಗೋದು. ಮಾಡಲಿಲ್ಲ.” ಬುಟ್ಟಿಯ ಸಿಪ್ಪೆ ಪಕ್ಕಕ್ಕೆ ಸರಿಸಿದರು. “ನೀನು ಬರೆಯೋನು. ಏನು ಮಾಡ್ತೀಯೋ ಮಾಡು.”

ಕಾಫಿ ಬಂತು. ಆಮೇಲೆ ಇಬ್ಬರೂ ಬೇರೆ ಏನೇನೋ ಮಾತಾಡಿದೆವು, ಅವರೆಕಾಯಿ ರೇಟು, ಅವರ ಕಣ್ಣಿನ ಆಪರೇಷನ್ನು.

ಸಂಚಿಕೆ 2024ರ ಡಿಸೆಂಬರಿನಲ್ಲಿ ಬಿಡುಗಡೆ ಆಯಿತು. ಮೇಷ್ಟ್ರಿಗೆ ಶಾಲು ಹೊದಿಸಿದೆವು. ಕೀಪರ್ ಸಾರ್ ವೇದಿಕೆಯ ಮೇಲೆ ಸಿಕ್ಸರಿನ ಕಥೆಯನ್ನು ಮತ್ತೊಮ್ಮೆ ಹೇಳಿದರು, ಈ ಸಲ ಬಸ್ಸು ಶಿರಾ ಕಡೆಯದು ಅಂತಲೂ ಗೊತ್ತಾಯಿತು. ಸಂಚಿಕೆಯ ಹನ್ನೆರಡನೇ ಪುಟದಲ್ಲಿ ಆ ಫೈನಲ್ಲಿನ ಸ್ಕೋರ್ ಕಾರ್ಡಿದೆ. ಬುಕ್ಕಿನಲ್ಲಿ ಹೇಗಿತ್ತೋ ಹಾಗೇ, ಒಂದು ಅಂಕಿಯೂ ತಿದ್ದದೆ ಹಾಕಿದ್ದೇನೆ. ಐನೂರು ಪ್ರತಿ ಅಚ್ಚು ಹಾಕಿಸಿದ್ದು, ನಾನೂರ ಚಿಲ್ಲರೆ ಹಂಚಿಹೋಗಿವೆ. ಇಲ್ಲಿಯವರೆಗೆ ಯಾರೂ ಕೂಡಿ ನೋಡಿಲ್ಲ.